ಎಐ ಏಜೆಂಟ್‌ನಿಂದ ದಾಖಲೆಗಳ ಸಗಟು ತಿದ್ದುಪಡಿ: ಕನ್ನಡ ದಾಖಲೆ ವಿಭಾಗದ ಹಕ್ಕೊತ್ತಾಯ ಪತ್ರ

ಇವರಿಗೆ: ಆಡಳಿತ ನಿರ್ದೇಶಕರು ಮತ್ತು ಆಡಳಿತ ಮಂಡಳಿಯ ಸದಸ್ಯರು

ಇವರಿಂದ: ಕನ್ನಡ ದಾಖಲೆ ವಿಭಾಗದ ಕರಡು ತಿದ್ದುವವರು, ಡಿಟಿಪಿ ಮಾಡುವವರು, ಅನುವಾದಕರು, ಕಾಯಂ, ಗುತ್ತಿಗೆ, ಪುಟದ ಲೆಕ್ಕದ ಎಲ್ಲರೂ

ಮಾನ್ಯರೇ,

ವಕೀಲರು, ಸಹಕಾರ ಸಂಘಗಳು, ಶಾಲಾ ಆಡಳಿತ ಮಂಡಳಿಗಳು, ಪ್ರಕಾಶಕರು ನಂಬಿ ಒಪ್ಪಿಸುವ ಕನ್ನಡ ದಾಖಲೆಗಳನ್ನು ಓದಿ, ತಿದ್ದಿ, ಹಿಂದಿರುಗಿಸುವುದು ನಮ್ಮ ಕೆಲಸ. ಆ ಕೆಲಸವನ್ನು ತಾವು ಎಐ ಏಜೆಂಟ್‌ಗೆ ವಹಿಸಿದ್ದೀರಿ. ಒಂದು ಸಾಲಿನ ಆದೇಶ ಸಿಕ್ಕರೆ ಅದು ಇಡೀ ಫೋಲ್ಡರಿನ ಕಡತಗಳನ್ನು ಒಂದೊಂದಾಗಿ ತೆರೆದು, ತಿದ್ದಿ, ಅದೇ ಹೆಸರಿನಲ್ಲಿ ಸೇವ್ ಮಾಡಿ ಮುಚ್ಚುತ್ತದೆ. ಇದನ್ನು ತರುವಾಗ ನಮ್ಮನ್ನು ಕೇಳಲಿಲ್ಲ. ಓಡಿಸುವ ಮೊದಲು ಮೂಲ ಪ್ರತಿಯನ್ನು ತೆಗೆದಿಡಲಿಲ್ಲ. ಕೆಟ್ಟ ಮೇಲೆ, ‘ಪರಿಶೀಲಿಸಿದವರು’ ಎಂಬ ಕಾಲಂನಲ್ಲಿ ನಮ್ಮ ಹೆಸರು ತುಂಬಿ ಹೊಣೆಯನ್ನು ನಮ್ಮ ತಲೆಗೆ ಕಟ್ಟಿದಿರಿ.

ಏನೇನು ಕೆಟ್ಟಿತು ಎಂಬುದು ತಮಗೆ ಗೊತ್ತಿದೆ. ದಾಖಲೆಯಲ್ಲಿರಲಿ ಎಂದು ಎರಡನ್ನು ಇಲ್ಲಿ ಬರೆಯುತ್ತೇವೆ.

ಜಮೀನಿನ ಕ್ರಯಪತ್ರದ ಕರಡಿನಲ್ಲಿ ವಿಸ್ತೀರ್ಣವನ್ನು ‘2-20’ ಎಂದು ಬರೆಯುವುದು ರೂಢಿ. ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಅಂಕಿಗಳನ್ನೆಲ್ಲ ಒಂದೇ ರೂಪಕ್ಕೆ ತರಬೇಕು ಎಂಬ ಆದೇಶ ಪಡೆದ ಏಜೆಂಟ್ ಅದನ್ನು ‘2.20 ಎಕರೆ’ ಎಂದು ಮಾಡಿತು. ಎಕರೆಗೆ ನಲವತ್ತು ಗುಂಟೆಯ ಲೆಕ್ಕದಲ್ಲಿ ಅದು ಎರಡು ಎಕರೆ ಎಂಟು ಗುಂಟೆ ಆಗುತ್ತದೆ. ಹನ್ನೆರಡು ಗುಂಟೆ ಕಾಗದದಿಂದ ಹೋಯಿತು. ಸರ್ವೆ ನಂಬರ್ ಸರಿಯಿತ್ತು, ಚಕ್ಕುಬಂದಿ ಸರಿಯಿತ್ತು, ವಾಕ್ಯ ಮೊದಲಿಗಿಂತ ನೀಟಾಗಿತ್ತು. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಕಡೆಗೆ ಹಿಡಿದವರು ನಮ್ಮ ವಿಭಾಗದವರೇ, ಪಹಣಿಯನ್ನು ಪಕ್ಕದಲ್ಲಿಟ್ಟುಕೊಂಡು ಓದುವ ಅಭ್ಯಾಸ ಬಿಡದಿದ್ದುದರಿಂದ.

ಇನ್ನೊಂದು ಊರ ಹೆಸರುಗಳದು. 2014ರ ನವೆಂಬರ್ 1ರಿಂದ ಗುಲಬರ್ಗಾ ಕಲಬುರಗಿಯಾಗಿದೆ, ಬಿಜಾಪುರ ವಿಜಯಪುರವಾಗಿದೆ. ಹಳೆಯ ಹೆಸರು ಎಲ್ಲಿದ್ದರೂ ಹೊಸದಕ್ಕೆ ಬದಲಿಸು ಎಂದು ಆದೇಶ ಹೋಯಿತು. ‘ಗುಲಬರ್ಗಾದಲ್ಲಿ’ ಎಂದಿದ್ದದ್ದು ‘ಕಲಬುರಗಿದಲ್ಲಿ’ ಆಯಿತು. ಗುಲಬರ್ಗಾ ವಿಶ್ವವಿದ್ಯಾಲಯದ ಪದವಿ ಪಡೆದವರ ಅರ್ಜಿಯಲ್ಲಿ ‘ಕಲಬುರಗಿ ವಿಶ್ವವಿದ್ಯಾಲಯ’ ಎಂಬ, ಆ ಹೆಸರಿನಲ್ಲಿ ಇಲ್ಲದ ಸಂಸ್ಥೆ ಹುಟ್ಟಿಕೊಂಡಿತು. ಬಿಜಾಪುರ ಎಂಬ ಅಡ್ಡಹೆಸರಿನ ಮನೆತನದವರು ತಮ್ಮ ಹೆಸರನ್ನೇ ಕಳೆದುಕೊಂಡರು. ಛತ್ತೀಸಗಢದ ಬಿಜಾಪುರ ಜಿಲ್ಲೆಯೂ ವಿಜಯಪುರವಾಯಿತು. ಇದನ್ನು ಸರಿಮಾಡಲು ತಾವು ಕೊಡಿಸಿದ್ದು ಉಲ್ಟಾ ಆದೇಶ: ವಿಜಯಪುರ ಎಂದಿರುವುದನ್ನೆಲ್ಲ ಬಿಜಾಪುರ ಮಾಡು. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ. ಆ ಊರಿನವರ ದಾಖಲೆಗಳಲ್ಲಿ ಅಲ್ಲಿಯವರೆಗೆ ಒಂದು ತಪ್ಪೂ ಇರಲಿಲ್ಲ. ದುರಸ್ತಿಯ ಹೆಸರಿನಲ್ಲಿ ಅವೂ ಕೆಟ್ಟವು.

ಇದನ್ನು ತಾಂತ್ರಿಕ ದೋಷ ಎಂದು ತಾವು ಕರೆದಿದ್ದೀರಿ. ಏಜೆಂಟ್ ತನಗೆ ಹೇಳಿದ್ದನ್ನು ಮಾಡಿತು. ಹೇಳಿದವರು ಮನುಷ್ಯರು, ಹೇಳುವ ಅಧಿಕಾರ ಕೊಟ್ಟವರು ತಾವು. ಸಾವಿರ ಕಡತಕ್ಕೆ ಒಂದೇ ಆದೇಶ ಸಾಕಾದರೂ, ಕೆಟ್ಟರೆ ಕೆಡುವುದು ಸಾವಿರ ಬೇರೆ ಬೇರೆ ಮಂದಿಯ ಕಾಗದ. ಆದ್ದರಿಂದ ಈ ಕೆಳಗಿನವು ತಾವು ಕೊಡಲೇಬೇಕಾದ ಬಾಕಿ.

ಈ ಕೂಡಲೇ ಆಗಬೇಕಾದದ್ದು

1. ಮೂಲ ಕಡತದ ಮೇಲೆಯೇ ಬರೆಯುವ ಎಲ್ಲ ಸಗಟು ತಿದ್ದುಪಡಿಗಳನ್ನು ಈ ಪತ್ರ ತಲುಪಿದ ದಿನವೇ ನಿಲ್ಲಿಸಬೇಕು.

2. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರೂ ರಾಮನಗರ ಪಟ್ಟಣವೂ ತಾಲ್ಲೂಕೂ ಅದೇ ಹೆಸರಿನಲ್ಲಿ ಉಳಿದಿರುವುದರಿಂದ, ಬೆಂಗಳೂರು ದಕ್ಷಿಣ ಎಂಬ ಹೆಸರಿನ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಯಲ್ಲಿ ಮೊದಲೇ ಇರುವುದರಿಂದ, ಲೋಕಸಭಾ ಕ್ಷೇತ್ರವೊಂದಕ್ಕೂ ಅದೇ ಹೆಸರಿರುವುದರಿಂದ, ‘ರಾಮನಗರ’ವನ್ನು ಬದಲಿಸಲು ಸಿದ್ಧಪಡಿಸಿರುವ ಸಗಟು ಆದೇಶವನ್ನು ಹಿಂತೆಗೆದುಕೊಂಡು ಆ ದಾಖಲೆಗಳನ್ನು ಒಂದೊಂದಾಗಿ ಓದಿ ತಿದ್ದಲು ನಮಗೆ ಕೊಡಬೇಕು.

3. ಏಜೆಂಟ್ ಬಳಕೆಗೆ ಬಂದ ದಿನದಿಂದ ಈವರೆಗೆ ಅದು ಮುಟ್ಟಿದ ಪ್ರತಿಯೊಂದು ಕಡತದ ಹೆಸರು, ದಿನಾಂಕ ಮತ್ತು ಕೊಟ್ಟ ಆದೇಶದ ಪೂರ್ಣ ಪಾಠ ಇರುವ ಪಟ್ಟಿಯನ್ನು 15 ದಿನಗಳೊಳಗೆ ನಮ್ಮ ಕೈಗೆ ಕೊಡಬೇಕು.

4. ಆ ಪಟ್ಟಿಯಲ್ಲಿರುವ ಕ್ರಯಪತ್ರ, ವಿಭಾಗಪತ್ರ, ಉಯಿಲು, ಅಂಕಪಟ್ಟಿ, ಸಂಘಗಳ ಠರಾವುಗಳನ್ನು ಗ್ರಾಹಕರ ಬಳಿ ಇರುವ ಮೂಲ ಪ್ರತಿಯೊಂದಿಗೆ ಪಕ್ಕದಲ್ಲಿಟ್ಟು ಮನುಷ್ಯರು ಓದಬೇಕು, ಆ ಓದಿಗೆ ಪೂರ್ತಿ ಕೂಲಿಯನ್ನು ಸಂಸ್ಥೆ ಕೊಡಬೇಕು.

5. ದಾಖಲೆ ಬದಲಾದ ಪ್ರತಿಯೊಬ್ಬ ಗ್ರಾಹಕರಿಗೂ ಏನು ಇತ್ತು, ಏನಾಗಿದೆ ಎಂಬುದನ್ನು ಬರೆದು ತಿಳಿಸಬೇಕು.

6. ತಪ್ಪಿರುವ ಕರಡು ಉಪ ನೋಂದಣಾಧಿಕಾರಿ ಕಚೇರಿಯವರೆಗೆ ಹೋಗಿ ನೋಂದಣಿಯೂ ಆಗಿದ್ದರೆ ತಿದ್ದುಪಡಿ ಪತ್ರದ ಮುದ್ರಾಂಕ, ನೋಂದಣಿ ಶುಲ್ಕ, ವಕೀಲರ ಶುಲ್ಕ ಮತ್ತು ಪಕ್ಷಗಾರರ ಓಡಾಟದ ಖರ್ಚನ್ನು ಸಂಸ್ಥೆಯೇ ಭರಿಸಬೇಕು.

ಮೂಲ ಪ್ರತಿಯ ರಕ್ಷಣೆ

7. ಗ್ರಾಹಕರು ಕೊಟ್ಟ ಕಡತವನ್ನು ಕೊಟ್ಟ ರೂಪದಲ್ಲೇ, ಏಜೆಂಟ್ ಓದಬಹುದಾದ ಆದರೆ ಬರೆಯಲಾಗದ ಜಾಗದಲ್ಲಿ ತೆಗೆದಿಡಬೇಕು.

8. ಆ ಪ್ರತಿ ಬದಲಾಗಿಲ್ಲ ಎಂದು ಯಾವಾಗ ಬೇಕಾದರೂ ತೋರಿಸಲು ಅನುವಾಗುವಂತೆ ಕಡತ ಬಂದ ಕ್ಷಣದಲ್ಲೇ ಅದರ ಎಸ್‌ಎಚ್‌ಎ-256 ಮುದ್ರೆಯನ್ನು ಲೆಕ್ಕ ಹಾಕಿ ಪುಸ್ತಕದಲ್ಲಿ ದಾಖಲಿಸಬೇಕು.

9. ತಪ್ಪನ್ನು ಹಿಂತೆಗೆಯುವುದೆಂದರೆ ಮೂಲ ಪ್ರತಿಯನ್ನು ಮರಳಿ ತರುವುದೇ ಹೊರತು, ಉಲ್ಟಾ ಹುಡುಕಿ ಉಲ್ಟಾ ಬದಲಿಸುವುದು ಎಂದೂ ಆಗಕೂಡದು.

10. ಕಡತ ಅಳಿಸುವ ಅನುಮತಿಯನ್ನು ಏಜೆಂಟ್‌ಗೆ ಯಾವ ಕಾರಣಕ್ಕೂ ಕೊಡಕೂಡದು.

ತಿದ್ದುವ ಮೊದಲು ತೋರಿಸಬೇಕು

ಡಾಕ್ಸ್ (.docx) ಕಡತ ಪರದೆಯ ಮೇಲೆ ಒಂದೇ ದಾಖಲೆಯಾಗಿ ಕಂಡರೂ ಒಳಗೆ ಅದು ಜಿಪ್ ಮಾಡಿದ ಹಲವು ಎಕ್ಸ್‌ಎಂಎಲ್ ಕಡತಗಳ ಕಟ್ಟು. ಮುಖ್ಯ ಪಠ್ಯ ಒಂದರಲ್ಲಿ, ಅಡಿಟಿಪ್ಪಣಿ ಇನ್ನೊಂದರಲ್ಲಿ, ಪುಟದ ತಲೆಬರಹ ಮತ್ತೊಂದರಲ್ಲಿ ಇರುತ್ತದೆ. ಒಂದೇ ಪದದ ಅರ್ಧ ದಪ್ಪಕ್ಷರವಾಗಿದ್ದರೆ ಆ ಪದ ಒಳಗೆ ಎರಡು ತುಂಡಾಗಿರುತ್ತದೆ, ಆ ತುಂಡುಗಳಲ್ಲಿ ಬಿಡಿಬಿಡಿಯಾಗಿ ಹುಡುಕಿದರೆ ಇಡೀ ಪದ ಸಿಗುವುದಿಲ್ಲ. ಮೇಲೆ ಹೊಸ ಹೆಸರು, ಅಡಿಟಿಪ್ಪಣಿಯಲ್ಲಿ ಹಳೆಯ ಹೆಸರು ಇರುವ ಪುಸ್ತಕಗಳು ನಮ್ಮ ಮೇಜಿಗೆ ಬಂದದ್ದು ಹೀಗೆ. ಏಜೆಂಟ್ ಮಾತ್ರ ಪ್ರತಿ ಸಲವೂ ‘ಕೆಲಸ ಪೂರ್ಣಗೊಂಡಿದೆ’ ಎಂದೇ ವರದಿ ಕೊಟ್ಟಿದೆ, ತಾವು ಆ ವರದಿಯನ್ನೇ ಗ್ರಾಹಕರಿಗೆ ಕಳಿಸಿದ್ದೀರಿ.

11. ಒಂದು ಅಕ್ಷರ ಬದಲಾಗುವ ಮುಂಚೆಯೂ ಯಾವ ಕಡತದ ಯಾವ ಪುಟದ ಯಾವ ಸಾಲು ಹೇಗಿದೆ, ಹೇಗಾಗಲಿದೆ ಎಂಬ ಪೂರ್ಣ ಪಟ್ಟಿಯನ್ನು ಏಜೆಂಟ್ ಮುಂದಿಡಬೇಕು.

12. ಹೊಸ ಆದೇಶವನ್ನು ಮೊದಲು ನಮ್ಮ ವಿಭಾಗ ಆರಿಸಿದ ಕೆಲವು ಕಠಿಣ ದಾಖಲೆಗಳ ನಕಲಿನ ಮೇಲೆ ಓಡಿಸಿ, ಫಲಿತಾಂಶ ಓದಿದ ಮೇಲೆಯೇ ಉಳಿದವುಗಳಿಗೆ ಹೋಗಬೇಕು.

13. ‘ಎಲ್ಲವನ್ನೂ ಒಪ್ಪಿದೆ’ ಎಂಬ ಗುಂಡಿಯನ್ನು ತೆಗೆದುಹಾಕಬೇಕು.

14. ಏಜೆಂಟ್ ಮಾಡಿದ ಪ್ರತಿ ಬದಲಾವಣೆಯೂ ಟ್ರ್ಯಾಕ್ ಚೇಂಜಸ್ ರೂಪದಲ್ಲಿ, ಅದರದೇ ಹೆಸರು ಮತ್ತು ಸಮಯದೊಂದಿಗೆ, ಒಪ್ಪಲೂ ತಳ್ಳಲೂ ಬರುವಂತೆ ಕಡತದಲ್ಲಿ ಕಾಣಬೇಕು.

15. ಮುಖ್ಯ ಪಠ್ಯವಲ್ಲದೆ ಅಡಿಟಿಪ್ಪಣಿ, ತಲೆಬರಹ, ಕೋಷ್ಟಕ, ಪಠ್ಯಚೌಕ, ಚಿತ್ರದ ಕೆಳಗಿನ ಬರಹಗಳನ್ನೂ ಹುಡುಕಿದೆಯೇ ಇಲ್ಲವೇ ಎಂಬುದನ್ನು ಏಜೆಂಟ್‌ನ ವರದಿ ಬಿಡಿಬಿಡಿಯಾಗಿ ಹೇಳಬೇಕು.

16. ಸ್ಕ್ಯಾನ್ ಮಾಡಿದ ಪುಟ, ಪಾಸ್‌ವರ್ಡ್ ಇರುವ ಕಡತ, ಓದಲಾಗದ ಫಾಂಟ್ ಸಿಕ್ಕಾಗ ಅದನ್ನು ಸದ್ದಿಲ್ಲದೆ ದಾಟಿಹೋಗದೆ ಹೆಸರು ಬರೆದು ಒಪ್ಪಿಸಬೇಕು.

17. ಗೂಗಲ್ ಡಾಕ್ಸ್‌ನಲ್ಲಿ ಒಂದು ದಾಖಲೆಗೆ ಕಳಿಸಿದ ತಿದ್ದುಪಡಿಗಳ ಗುಂಪಿನಲ್ಲಿ ಒಂದು ಅಸಿಂಧುವಾದರೂ ಯಾವುದೂ ಜಾರಿಯಾಗದಂಥ ಕಾವಲಿದ್ದರೂ ಅದು ಆ ಒಂದು ದಾಖಲೆಗೆ ಮಾತ್ರ ಸೀಮಿತವಾದ್ದರಿಂದ, ಇಡೀ ಫೋಲ್ಡರಿನ ಕೆಲಸ ನಡುವೆ ನಿಂತಾಗ ಯಾವುದು ಮುಗಿದಿದೆ, ಯಾವುದು ಉಳಿದಿದೆ ಎಂದು ತಿಳಿಸುವ ವ್ಯವಸ್ಥೆಯನ್ನು ಸಂಸ್ಥೆಯೇ ಕಟ್ಟಬೇಕು.

18. ನಿಂತ ಕೆಲಸವನ್ನು ಮತ್ತೆ ಶುರು ಮಾಡಿದಾಗ ಒಮ್ಮೆ ತಿದ್ದಿದ್ದರ ಮೇಲೆ ಇನ್ನೊಮ್ಮೆ ತಿದ್ದುಪಡಿ ಬೀಳಕೂಡದು.

19. ಮೇಲಿನ ಸಾಲಿಗೆ ಒಂದು ಪದ ಸೇರಿದರೆ ಕೆಳಗಿನ ಎಲ್ಲದರ ಸ್ಥಾನಸಂಖ್ಯೆ ಸರಿಯುವುದರಿಂದ, ಸ್ಥಾನ ಎಣಿಸಿ ಮಾಡುವ ತಿದ್ದುಪಡಿಗಳನ್ನು ದಾಖಲೆಯ ಕೊನೆಯಿಂದ ಮೊದಲಿಗೆ ಬರುವಂತೆ ಜಾರಿಗೊಳಿಸಬೇಕು.

20. ತಿದ್ದುವ ಹೊತ್ತಿನಲ್ಲಿ ಅದೇ ಕಡತವನ್ನು ನಮ್ಮಲ್ಲಿ ಯಾರಾದರೂ ತೆರೆದಿದ್ದರೆ ಏಜೆಂಟ್ ಅದನ್ನು ಮುಟ್ಟದೆ ಕಾಯಬೇಕು.

ಕನ್ನಡಕ್ಕೆ ಸಲ್ಲಬೇಕಾದದ್ದು

ನಮ್ಮ ನೋವು ಇಲ್ಲಿ ಹೆಚ್ಚು, ಆದ್ದರಿಂದ ಬೇಡಿಕೆಯೂ ಹೆಚ್ಚು. ಕೊಂಡು ತಂದ ಉಪಕರಣ ಇಂಗ್ಲಿಷ್ ದಾಖಲೆಗಳ ಮೇಲೆ ಹೇಗೆ ಕೆಲಸ ಮಾಡಿತು ಎಂಬುದನ್ನು ನೋಡಿ ಒಪ್ಪಿದಿರಿ. ಇಂಗ್ಲಿಷಿನಲ್ಲಿ ಊರಿನ ಹೆಸರು ವಾಕ್ಯದ ಎಲ್ಲಿ ಬಂದರೂ ಬಹುಮಟ್ಟಿಗೆ ಅದೇ ರೂಪದಲ್ಲಿರುತ್ತದೆ. ಕನ್ನಡದಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ, ಪದದ ಕೊನೆಯ ಸ್ವರ ನೋಡಿ ನಡುವೆ ಯಕಾರವೋ ವಕಾರವೋ ದಕಾರವೋ ಬರುತ್ತದೆ. ಪದ ಬದಲಾದರೆ ಅದರ ಬಾಲವೂ ಬದಲಾಗಬೇಕು. ಇದು ಪ್ರಾಥಮಿಕ ಶಾಲೆಯ ವ್ಯಾಕರಣ. ಸಂಸ್ಥೆ ಇದನ್ನು ಪರೀಕ್ಷಿಸದೆ ಬಿಟ್ಟದ್ದಕ್ಕೆ ಸಮರ್ಥನೆ ಇಲ್ಲ.

21. ‘ಗುಲಬರ್ಗಾದ’ ಎಂಬುದು ‘ಕಲಬುರಗಿಯ’ ಎಂದೇ ಆಗಬೇಕು, ‘ಸದರಿ’ಯನ್ನು ‘ಈ’ ಮಾಡಿದಾಗ ‘ಸದರಿಯವರು’ ಎಂಬುದು ‘ಈಯವರು’ ಆಗಕೂಡದು ಎಂಬಂಥ ಪ್ರತ್ಯಯದ ಪರೀಕ್ಷೆಗಳಲ್ಲಿ ಪಾಸಾಗದ ಯಾವ ಸಗಟು ಆದೇಶವನ್ನೂ ಕನ್ನಡ ದಾಖಲೆಯ ಮೇಲೆ ಓಡಿಸಕೂಡದು.

22. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿ ‘ಸ೦ಘ’ ಎಂದು ಬೆರಳಚ್ಚಾಗಿರುವುದು ಕಣ್ಣಿಗೆ ‘ಸಂಘ’ದಂತೆಯೇ ಕಂಡರೂ ಹುಡುಕಾಟಕ್ಕೆ ಸಿಗುವುದಿಲ್ಲವಾದ್ದರಿಂದ, ಎರಡೂ ರೂಪಗಳನ್ನು ಹುಡುಕಿದ ಮೇಲೆಯೇ ‘ಎಲ್ಲ ಕಡೆ ಬದಲಿಸಲಾಗಿದೆ’ ಎಂದು ವರದಿ ಕೊಡಬೇಕು.

23. ಆ ಸೊನ್ನೆಗಳನ್ನು ಸರಿಪಡಿಸುವ ಹೆಸರಿನಲ್ಲಿ ಎಲ್ಲ ಸೊನ್ನೆಗಳನ್ನೂ ಅನುಸ್ವಾರ ಮಾಡಿ ‘೧೦೦’ ರೂಪಾಯಿಯನ್ನು ‘೧ಂಂ’ ಮಾಡುವ ಆದೇಶವನ್ನು ಶಾಶ್ವತವಾಗಿ ರದ್ದು ಮಾಡಬೇಕು.

24. ಕಣ್ಣಿಗೆ ಕಾಣದ ಚಿಹ್ನೆಗಳನ್ನು ಕಸವೆಂದು ತೆಗೆದು ‘ಸಾಫ್ಟ್‌ವೇರ್’ ಎಂಬುದನ್ನು ‘ಸಾಫ್ಟ್ವೇರ್’ ಮಾಡುವ ಸ್ವಚ್ಛತಾ ಆದೇಶವನ್ನು ಕನ್ನಡ ಕಡತಗಳಿಗೆ ಅನ್ವಯಿಸಕೂಡದು.

25. ‘ಸ್ತ್ರೀ’ ಎಂಬುದು ಓದುವವರಿಗೆ ಒಂದೇ ಅಕ್ಷರವಾದರೂ ಕಂಪ್ಯೂಟರಿಗೆ ಆರು ಸಂಕೇತಗಳ ಸಾಲಾಗಿರುವುದರಿಂದ, ಒತ್ತಕ್ಷರದ ನಡುವೆ ಕತ್ತರಿಸುವ ಯಾವ ತಿದ್ದುಪಡಿಯನ್ನೂ ಉಪಕರಣವೇ ತಡೆಹಿಡಿಯಬೇಕು.

26. ನುಡಿ ಮೊದಲಾದ ಹಳೆಯ ಫಾಂಟುಗಳಲ್ಲಿ, ಯುನಿಕೋಡ್ ಅಲ್ಲದ ಸಂಕೇತದಲ್ಲಿರುವ ಕಡತಗಳು ಏಜೆಂಟ್‌ಗೆ ಕಾಗುಣಿತ ಕೆಟ್ಟ ರೋಮನ್ ಅಕ್ಷರಗಳಂತೆ ಕಾಣುವುದರಿಂದ, ಅವನ್ನು ಯುನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯನ್ನು ಮನುಷ್ಯರು ಓದಿ ಒಪ್ಪುವ ತನಕ ಸಗಟು ತಿದ್ದುಪಡಿಯ ಫೋಲ್ಡರಿಗೆ ಸೇರಿಸಕೂಡದು.

27. ‘45’ ಎಂದು ಹುಡುಕುವ ಆದೇಶ ‘೪೫’ ಅನ್ನೂ ಕಾಣಬೇಕು, ಆದರೆ ಒಂದನ್ನು ಇನ್ನೊಂದಾಗಿ ಬರೆಯುವ ಸ್ವಾತಂತ್ರ್ಯವನ್ನು ತಾನೇ ತೆಗೆದುಕೊಳ್ಳಕೂಡದು.

28. ಎಕರೆ-ಗುಂಟೆ, ಸರ್ವೆ ಮತ್ತು ಹಿಸ್ಸಾ ನಂಬರ್, ಖರಾಬು, ಚಕ್ಕುಬಂದಿ, ಹಣದ ಮೊತ್ತ, ದಿನಾಂಕ ಇವು ಇರುವ ಸಾಲುಗಳನ್ನು ಏಜೆಂಟ್‌ನ ಪಾಲಿಗೆ ಬೀಗ ಹಾಕಿದ ಸಾಲುಗಳೆಂದು ಘೋಷಿಸಬೇಕು.

29. ವ್ಯಕ್ತಿಯ ಹೆಸರು ಅವರು ಬರೆಯುವಂತೆಯೇ ಇರತಕ್ಕದ್ದು.

30. ನ್ಯಾಯಾಲಯದ ಆದೇಶ, ಸರ್ಕಾರಿ ಸುತ್ತೋಲೆ, ಶಾಸನಪಾಠ ಮತ್ತು ಬೇರೆ ಪುಸ್ತಕದಿಂದ ಎತ್ತಿಕೊಂಡ ಮಾತುಗಳಿಗೆ ಸಂಸ್ಥೆಯ ಶೈಲಿಯ ನಿಯಮ ಯಾವುದೂ ತಾಗಕೂಡದು.

31. ಕತೆಗಾರರು ಧಾರವಾಡದ, ಕಲಬುರಗಿಯ, ಕುಂದಾಪುರದ, ಕೊಳ್ಳೇಗಾಲದ ಮಾತನ್ನು ಬೇಕೆಂದೇ ಬರೆದಿರುವುದರಿಂದ, ‘ಬಂದಾನ’ವನ್ನು ‘ಬಂದಿದ್ದಾನೆ’ ಮಾಡಿ ಒಂದಿಡೀ ಕಥಾಸಂಕಲನವನ್ನು ಸರ್ಕಾರಿ ಪತ್ರದ ಭಾಷೆಗೆ ಇಳಿಸಿದ ಆದೇಶಕ್ಕಾಗಿ ಆ ಲೇಖಕರಿಗೆ ಲಿಖಿತ ಕ್ಷಮೆ ಕೇಳಬೇಕು, ಮೂಲ ಪಾಠವನ್ನು ಸಂಸ್ಥೆಯ ಖರ್ಚಿನಲ್ಲೇ ಮತ್ತೆ ಹೊಂದಿಸಿಕೊಡಬೇಕು.

32. ಕನ್ನಡ ದಾಖಲೆಗೆ ಬಳಸುವ ಉಪಕರಣವನ್ನು ಕನ್ನಡ ದಾಖಲೆಗಳ ಮೇಲೆ, ಕನ್ನಡ ಓದಬಲ್ಲವರ ಎದುರಿನಲ್ಲಿ, ಖರೀದಿಗೆ ಮುನ್ನವೇ ಪರೀಕ್ಷಿಸಬೇಕು.

ಹೊಣೆ ಯಾರದು

33. ಪ್ರತಿ ಸಗಟು ಆದೇಶಕ್ಕೂ ಅದನ್ನು ಕೊಟ್ಟ ಅಧಿಕಾರಿಯ ಹೆಸರು, ಹುದ್ದೆ, ಸಹಿ ಇರಬೇಕು.

34. ನಾವು ಸಾಲು ಸಾಲಾಗಿ ಓದದ ಯಾವ ದಾಖಲೆಯಲ್ಲೂ ‘ಪರಿಶೀಲಿಸಿದವರು’ ಎಂದು ನಮ್ಮ ಹೆಸರು ಬರೆಯಕೂಡದು, ಈಗಾಗಲೇ ಬರೆದಿರುವುದನ್ನು ಲಿಖಿತ ಆದೇಶದ ಮೂಲಕ ತೆಗೆಯಬೇಕು.

35. ಆ ನಮೂದುಗಳನ್ನು ಆಧರಿಸಿ ನಮ್ಮ ಸಹೋದ್ಯೋಗಿಗಳಿಗೆ ಕೊಟ್ಟ ನೋಟಿಸನ್ನು ಹಿಂತೆಗೆದುಕೊಂಡು, ಕಡಿತಗೊಳಿಸಿದ ಹಣವನ್ನು ಹಿಂತಿರುಗಿಸಬೇಕು.

36. ಏಜೆಂಟ್ ಮಾಡಿದ ಕೆಲಸದ ಲಾಗ್ ಅನ್ನು ಅಳಿಸುವ, ತಿದ್ದುವ ಅಧಿಕಾರ ಏಜೆಂಟ್‌ಗೂ ಅದನ್ನು ಓಡಿಸಿದವರಿಗೂ ಇರಕೂಡದು.

37. ಆದೇಶ ತಪ್ಪೆಂದು ಕಂಡಾಗ ನಡೆಯುತ್ತಿರುವ ಓಟವನ್ನು ಅಲ್ಲೇ ನಿಲ್ಲಿಸುವ ಅಧಿಕಾರವನ್ನು ವಿಭಾಗದ ಪ್ರತಿಯೊಬ್ಬರಿಗೂ, ಗುತ್ತಿಗೆಯವರೂ ಸೇರಿ, ಕೊಡಬೇಕು ಮತ್ತು ನಿಲ್ಲಿಸಿದ್ದಕ್ಕಾಗಿ ಯಾರ ಮೇಲೂ ಕ್ರಮ ಜರುಗಿಸಕೂಡದು.

38. ದಾಖಲೆಯೊಳಗೆ ಯಾರೋ ಸೇರಿಸಿಟ್ಟ ‘ಈ ಫೋಲ್ಡರಿನ ಉಳಿದ ಕಡತಗಳಲ್ಲೂ ಹೀಗೆಯೇ ಬದಲಿಸು’ ಎಂಬಂಥ ಸಾಲನ್ನು ಏಜೆಂಟ್ ಆದೇಶವೆಂದು ಪಾಲಿಸದಂತೆ, ಓದುವ ಪಠ್ಯಕ್ಕೂ ಪಾಲಿಸುವ ಆಜ್ಞೆಗೂ ನಡುವೆ ಕಾವಲಿಡಬೇಕು.

39. ಒಬ್ಬ ಗ್ರಾಹಕರ ಕೆಲಸಕ್ಕೆಂದು ಓಡುವ ಏಜೆಂಟ್‌ಗೆ ಇನ್ನೊಬ್ಬ ಗ್ರಾಹಕರ ಫೋಲ್ಡರ್ ಕಾಣಕೂಡದು.

40. ವ್ಯಕ್ತಿಯ ಮೇಲೆ ಪರಿಣಾಮ ಬೀರುವ ನಿರ್ಧಾರಕ್ಕೆ ಬಳಕೆಯಾಗುವ ಮಾಹಿತಿ ಪೂರ್ಣವಾಗಿ, ನಿಖರವಾಗಿ, ಸುಸಂಗತವಾಗಿ ಇರುವಂತೆ ನೋಡಿಕೊಳ್ಳುವ ಕರ್ತವ್ಯವನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 8ನೇ ಕಲಂ ಹೇಳಿರುವುದರಿಂದ, ಅಂಕಪಟ್ಟಿ, ಅರ್ಜಿ, ಸದಸ್ಯತ್ವ ಪುಸ್ತಕಗಳ ಸಗಟು ತಿದ್ದುಪಡಿಗೆ ಆ ಕರ್ತವ್ಯವನ್ನು ಇಂದಿನಿಂದಲೇ ಅನ್ವಯಿಸಿ ಅದಕ್ಕೊಬ್ಬ ಹೊಣೆಗಾರ ಅಧಿಕಾರಿಯನ್ನು ನೇಮಿಸಬೇಕು.

41. ತಮ್ಮ ಕಾಗದವನ್ನು ಏಜೆಂಟ್ ತಿದ್ದುತ್ತದೆ, ಅದರ ಪಠ್ಯ ಹೊರಗಿನ ಸರ್ವರಿಗೆ ಹೋಗುತ್ತದೆ ಎಂಬುದನ್ನು ಗ್ರಾಹಕರಿಗೆ ಕನ್ನಡದಲ್ಲಿ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಬೇಕು, ಬೇಡವೆಂದವರ ಕೆಲಸವನ್ನು ಮೊದಲಿನಂತೆ ಕೈಯಿಂದಲೇ ಮಾಡಿಕೊಡಬೇಕು.

ದುಡಿಮೆ ಮತ್ತು ಕೂಲಿ

ಏಜೆಂಟ್ ಬಂದ ಮೇಲೆ ಪುಟದ ದರವನ್ನು ಇಳಿಸಿ ಅದಕ್ಕೆ ‘ಪರಿಶೀಲನಾ ದರ’ ಎಂದು ಹೆಸರಿಟ್ಟಿರಿ. ಓದಬೇಕಾದ ಪುಟ ಅಷ್ಟೇ ಇದೆ, ಕೆಲಸ ಮೊದಲಿಗಿಂತ ಕಷ್ಟ. ಬೆರಳಚ್ಚಿನ ತಪ್ಪು ತಪ್ಪಾಗಿಯೇ ಕಾಣುತ್ತದೆ. ಏಜೆಂಟ್‌ನ ತಪ್ಪು ಸರಿಯಾದ ವಾಕ್ಯದ ವೇಷದಲ್ಲಿ ಕೂತಿರುತ್ತದೆ, ಅದನ್ನು ಹಿಡಿಯಲು ಮೂಲ ಪ್ರತಿಯನ್ನೂ ಸೇರಿಸಿ ಎರಡೆರಡು ಸಲ ಓದಬೇಕಾಗುತ್ತದೆ.

42. ಪರಿಶೀಲನಾ ದರವನ್ನು ರದ್ದುಪಡಿಸಿ, ಏಜೆಂಟ್ ತಿದ್ದಿದ ದಾಖಲೆಯ ಓದಿಗೂ ಮೊದಲಿದ್ದ ಕರಡು ತಿದ್ದುವ ದರವನ್ನೇ ಕೊಡಬೇಕು.

43. ಇಳಿಸಿದ ದರದಲ್ಲಿ ಈವರೆಗೆ ಮಾಡಿಸಿಕೊಂಡ ಕೆಲಸದ ವ್ಯತ್ಯಾಸದ ಹಣವನ್ನು ಬಾಕಿ ಎಂದು ಲೆಕ್ಕ ಹಾಕಿ ಮುಂದಿನ ಸಂಬಳದೊಂದಿಗೆ ಪಾವತಿಸಬೇಕು.

44. ಏಜೆಂಟ್ ಕೆಡಿಸಿದ್ದನ್ನು ಸರಿಪಡಿಸಲು ಹಿಡಿಯುವ ಹೊತ್ತು ದುಡಿಮೆಯ ಹೊತ್ತೇ ಆಗಿದ್ದು ಅದಕ್ಕೆ ಕೂಲಿ ಸಲ್ಲಬೇಕು.

45. ಒಬ್ಬರು ಒಂದು ದಿನಕ್ಕೆ ಓದಬೇಕಾದ ಪುಟದ ಮಿತಿಯನ್ನು, ಏಜೆಂಟ್ ಎಷ್ಟು ವೇಗದಲ್ಲಿ ತಿದ್ದುತ್ತದೆ ಎಂಬುದನ್ನು ನೋಡದೆ, ನಮ್ಮೊಂದಿಗೆ ಕೂತು ನಿಗದಿ ಮಾಡಬೇಕು.

46. ನಾವು ಒಪ್ಪಿದ, ತಳ್ಳಿದ, ತಿದ್ದಿದ ಸಾಲುಗಳನ್ನು ಸಂಗ್ರಹಿಸಿ ಉಪಕರಣಕ್ಕೆ ಕಲಿಸಲು ಬಳಸುವುದಾದರೆ ಮೊದಲು ನಮ್ಮ ಲಿಖಿತ ಒಪ್ಪಿಗೆ ಪಡೆದು ಅದಕ್ಕೆ ಪ್ರತ್ಯೇಕ ಸಂಭಾವನೆ ಕೊಡಬೇಕು.

47. ಏಜೆಂಟ್ ಕಾರಣದಿಂದ ಯಾರನ್ನೂ ಕೆಲಸದಿಂದ ತೆಗೆಯಕೂಡದು, ಪುಟದ ಲೆಕ್ಕದವರಿಗೆ ಕೆಲಸ ಕೊಡುವುದನ್ನು ಸದ್ದಿಲ್ಲದೆ ನಿಲ್ಲಿಸುವುದೂ ತೆಗೆದಂತೆಯೇ ಎಂದು ಒಪ್ಪಬೇಕು.

48. ಸಗಟು ಆದೇಶ ಬರೆಯುವುದನ್ನೂ ಅದರ ಪಟ್ಟಿ ಓದುವುದನ್ನೂ ಕೆಲಸದ ವೇಳೆಯಲ್ಲೇ, ಸಂಸ್ಥೆಯ ಖರ್ಚಿನಲ್ಲಿ, ಕನ್ನಡದಲ್ಲಿ ನಮಗೆ ಕಲಿಸಬೇಕು.

49. ಕನ್ನಡ ದಾಖಲೆಗೆ ಅನ್ವಯವಾಗುವ ಆದೇಶವನ್ನು ಇನ್ನು ಮುಂದೆ ಈ ವಿಭಾಗದ ಹಿರಿಯ ಕರಡು ತಿದ್ದುವವರೇ ಬರೆಯಬೇಕು, ಅವರ ಒಪ್ಪಿಗೆ ಇಲ್ಲದೆ ಬೇರೆ ವಿಭಾಗದವರು ಬರೆದದ್ದನ್ನು ಓಡಿಸಕೂಡದು.

ಉತ್ತರ

50. ಮೇಲಿನ ಪ್ರತಿ ಸಂಖ್ಯೆಗೂ ಬೇರೆ ಬೇರೆಯಾಗಿ, ಒಪ್ಪಿದೆ ಅಥವಾ ಒಪ್ಪಿಲ್ಲ ಎಂದು ಕಾರಣ ಸಹಿತ, ಆಡಳಿತ ನಿರ್ದೇಶಕರ ಸಹಿಯೊಂದಿಗೆ 15 ದಿನಗಳೊಳಗೆ ಕನ್ನಡದಲ್ಲಿ ಉತ್ತರ ಕೊಡಬೇಕು.

51. ಉತ್ತರ ಬಂದ ಮೇಲೆ ನಡೆಯುವ ಮಾತುಕತೆಗೆ ಗುತ್ತಿಗೆಯವರ ಮತ್ತು ಪುಟದ ಲೆಕ್ಕದವರ ಪ್ರತಿನಿಧಿಗಳನ್ನೂ ಕರೆಯಬೇಕು, ನಡಾವಳಿಯನ್ನು ಬರೆದು ಎರಡೂ ಕಡೆಯವರು ಸಹಿ ಮಾಡಬೇಕು.

52. ಅಲ್ಲಿಯ ತನಕ, ಮೂಲ ಪ್ರತಿ ಪಕ್ಕದಲ್ಲಿಲ್ಲದ ಯಾವ ಸಗಟು ತಿದ್ದುಪಡಿಯ ದಾಖಲೆಗೂ ನಾವು ಸಹಿ ಹಾಕುವುದಿಲ್ಲ ಎಂಬ ನಮ್ಮ ನಿರ್ಧಾರವನ್ನು ಆಡಳಿತ ಮಂಡಳಿ ತನ್ನ ಮುಂದಿನ ಸಭೆಯ ನಡಾವಳಿಯಲ್ಲಿ ದಾಖಲಿಸಬೇಕು.

ಕನ್ನಡ ದಾಖಲೆ ವಿಭಾಗದ ಪರವಾಗಿ

(ಸಹಿಗಳನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದೆ)

ಪ್ರತಿ: ಕಾರ್ಮಿಕ ಅಧಿಕಾರಿಗಳಿಗೆ, ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ